ಕೊನೆಯ ಕಂತಿನ ದನಿ

ಮನೆಯಿಂದ,
ಮಾರ್ಚ್ ೯, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗನೇ,

ಮೊದಲು ನೂರು ಕಾಲ ಬಾಳು ಎಂದು ಹರಸಿಬಿಡುತ್ತೇನೆ, ಬೈಯುವುದು ಆಮೇಲೆ. ಹೇಗಿದ್ದೀಯ? ಇಂಜಿನ್ನಿನ ಶಾಖಕ್ಕೆ ಕೈಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವಾ? ಹಡಗಿನಲ್ಲಿ ಊಟದ ಗಂಟೆ ಬಾರಿಸಿದಾಗ ನೀನು ಕೆಲಸದ ನೆಪ ಹೇಳಿ ಕೆಳಗೇ ಉಳಿಯುತ್ತೀಯ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ, ಹೆತ್ತವಳಿಗೆ ಅಷ್ಟು ಗೊತ್ತಾಗುತ್ತದೆ. ಹೊಟ್ಟೆಗೆ ಹಾಕಿಕೋ. ಇಲ್ಲಿ ನನ್ನ ಮಂಡಿನೋವು ಚೆನ್ನಾಗಿದೆ, ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವ ಯೋಚನೆ ಅದಕ್ಕಿಲ್ಲ. ನಿನ್ನ ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ. ಗಿರಾಕಿಗಳ ಮುಂದೆ ನಗುತ್ತಾಳಂತೆ, ಮನೆಗೆ ಬಂದು ಚಪ್ಪಲಿ ಬಿಡುವಾಗ ಆ ನಗುವನ್ನೂ ಅಲ್ಲೇ ಬಿಡುತ್ತಾಳೆ. ಫೋನಿನ ಕಾಲದಲ್ಲಿ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಎನ್ನಬೇಡ. ಫೋನನ್ನು ನೀನು ಅರ್ಧಕ್ಕೆ ಕತ್ತರಿಸುತ್ತೀಯ. ಕೈಗೆ ಬಂದ ಕಾಗದವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನಿನಗೆ ಚಿಕ್ಕಂದಿನಿಂದಲೂ ಇಲ್ಲ. ಇದನ್ನು ನಿಮ್ಮ ಕಂಪನಿಯ ಆಫೀಸಿಗೆ ಕೊಡುತ್ತೇನೆ, ಮುಂದಿನ ಬಂದರಿನಲ್ಲಿ ನಿನ್ನ ಕೈಸೇರಿಸುತ್ತಾರಂತೆ.

ನಿನ್ನ ದೊಡ್ಡ ಮಗಳ ಧಾರಾವಾಹಿ ಬರಲು ಶುರುವಾಗಿದೆ. ನೀನು ನೋಡುತ್ತಿಲ್ಲ, ಅದೂ ಗೊತ್ತು. ಹೋದ ರಜೆಯಲ್ಲಿ ನಮ್ಮ ಮೆಟ್ಟಿಲ ಮೇಲೆ, ಟೆರೇಸಿನ ನೀರಿನ ತೊಟ್ಟಿಯ ಹಿಂದೆ, ಪಕ್ಕದ ಬೀದಿಯ ಶಾಲೆಯಲ್ಲಿ ಚಿತ್ರ ತೆಗೆದಿದ್ದರಲ್ಲ, ಅದು. ಫೋನಿನಲ್ಲಿ ಮಾತ್ರ ನೋಡುವಂಥದ್ದು. ಚಿತ್ರ ಉದ್ದಕ್ಕೆ ನಿಂತಿರುತ್ತದೆ, ಇಬ್ಬರು ಪಕ್ಕಪಕ್ಕ ನಿಂತರೆ ಇಬ್ಬರಿಗೂ ಅರ್ಧರ್ಧ ಮುಖ. ಒಂದು ಕಂತೆಂದರೆ ಹಾಲು ಉಕ್ಕುವಷ್ಟು ಹೊತ್ತು. ಯಾರೋ ಬಾಗಿಲು ತಟ್ಟುತ್ತಾರೆ, ಯಾರೆಂದು ನೋಡುವಷ್ಟರಲ್ಲಿ ಮುಗಿದುಹೋಗುತ್ತದೆ, ನಾಳೆ ಬಾ ಎನ್ನುತ್ತದೆ. ಸಾಲಗಾರನಿಗೆ ಹೇಳುವ ಹಾಗೆ. ಕಥೆ ಏನೆಂದರೆ, ಹತ್ತನೇ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಹೋದವಳು ಮನೆಗೆ ಬರುವುದಿಲ್ಲ. ಅವಳ ಮೂವರು ಗೆಳತಿಯರು ಹುಡುಕುತ್ತಾರೆ. ಕಾಣೆಯಾದ ಹುಡುಗಿ ನಮ್ಮ ದೊಡ್ಡವಳು. ಅವಳು ಹಾಕಿಕೊಂಡಿರುವ ಯೂನಿಫಾರ್ಮು ನಾನು ಹೊಲಿದದ್ದು. ಒಂದು ಕೊಳೆಯಾದರೆ ಇರಲಿ ಎಂದು ಒಂದೇ ಅಳತೆಯಲ್ಲಿ ಎರಡು ಹೊಲಿಸಿಕೊಂಡಿದ್ದರು. ದೊಡ್ಡವಳಿಗೆ ಟ್ಯೂಷನ್ನಿನಲ್ಲಿ ಪರೀಕ್ಷೆ ಇದ್ದ ದಿನ ಇನ್ನೊಂದನ್ನು ಚಿಕ್ಕವಳಿಗೆ ತೊಡಿಸಿ, ಬೆನ್ನ ಹಿಂದಿನಿಂದ ಚಿತ್ರ ತೆಗೆದಿದ್ದೂ ಉಂಟು. ಅಕ್ಕ ತಂಗಿಯರ ಬೆನ್ನು ಒಂದೇ, ಜಡೆ ಒಂದೇ.

ಬೀದಿಯವರಿಗೆಲ್ಲ ಇದೇ ಮಾತು. ನನಗೆ ಮೊದಲಿನಿಂದಲೂ ಆ ಕಥೆಯ ಡ್ರಾಯಿಂಗ್ ಮೇಷ್ಟರ ಮೇಲೆ ಅನುಮಾನ, ಆ ಮೀಸೆ ನೋಡಿದರೇ ಸಾಕು. ಮೊನ್ನೆ ಬಟ್ಟೆ ಕೊಡಲು ಹೋದಾಗ ಇಸ್ತ್ರಿಯವನು ಕೆಂಡ ಊದುತ್ತಾ ತಲೆಯೆತ್ತಿ ಕೇಳಿದ, "ಹುಡುಗಿ ಸಿಕ್ತಾಳಾ ಅಮ್ಮಾ?" ಅವನು ಬೀದಿಗೆ ಹೊಸಬ, ಪಾಪ, ಕಥೆಯ ಹುಡುಗಿಯನ್ನು ಕೇಳಿದ. ಅವಳು ನನ್ನ ಮೊಮ್ಮಗಳೆಂದು ಅವನಿಗೆ ಗೊತ್ತಿಲ್ಲ. ಮೂರು ದಿನದ ಜ್ವರಕ್ಕೆ ಅವಳು ಹೋಗಿಬಿಟ್ಟಳೆಂದೂ, ಅವಳಪ್ಪ ಎಲ್ಲೋ ನಡುನೀರಿನಲ್ಲಿದ್ದು ಎಲ್ಲ ಮುಗಿದ ಮೇಲೆ ಮನೆಗೆ ಬಂದನೆಂದೂ ಗೊತ್ತಿಲ್ಲ. ಸಿಗ್ತಾಳೆ ಕಣಪ್ಪಾ, ಕೊನೇ ಕಂತಿನಲ್ಲಿ ಸಿಗ್ತಾಳೆ ಎಂದು ಹೇಳಿ ಬಂದೆ. ಬಟ್ಟೆಯ ಗಂಟನ್ನು ಅವನಿಗೆ ಕೊಡುವುದು ಮರೆತು ವಾಪಸ್ಸು ಹೊತ್ತುಕೊಂಡು ಬಂದಿದ್ದೆ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಚಿತ್ರ ತೆಗೆಯುವಾಗ ಆಡಿದ ಮಾತು ಬೀದಿ ಗದ್ದಲದಲ್ಲಿ ಕಲಸಿಹೋಗಿರುತ್ತದಂತೆ. ಆಮೇಲೆ ಸ್ಟುಡಿಯೋದಲ್ಲಿ ಕೂತು, ತುಟಿಯ ಅಲುಗಾಟ ನೋಡಿಕೊಂಡು, ಅದನ್ನೇ ಮತ್ತೆ ಮಾತಾಡಬೇಕು. ಡಬ್ಬಿಂಗ್ ಅಂತಾರೆ. ದೊಡ್ಡವಳು ಬಹಳಷ್ಟು ಮುಗಿಸಿದ್ದಳು, ಕೊನೆಯ ಕೆಲವು ಕಂತು ಉಳಿದಿದ್ದವು. ಅಷ್ಟರಲ್ಲಿ ಜ್ವರ ಬಂದು ಮಲಗಿದಳು. ನಿರ್ದೇಶಕಿ ಹೋದ ತಿಂಗಳು ಬಂದು ನಮ್ಮ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು, ಒಳಗೆ ಬರಲು ಅವಳಿಗೆ ಧೈರ್ಯವಾಗಲಿಲ್ಲ. ಚಿಕ್ಕವಳು ಮಾತಾಡಿಕೊಟ್ಟರೆ ಅಕ್ಕನ ಕೆಲಸ ಪೂರ್ತಿಯಾಗುತ್ತದೆ, ಬೇಡವೆಂದರೆ ಬೇಡ ಎಂದಳು. ನಿನ್ನ ಹೆಂಡತಿ ಎದ್ದು ಒಳಗೆ ಹೋದಳು. ಚಿಕ್ಕವಳೇ ಬಂದು, ಮಾಡ್ತೀನಿ ಎಂದಳು. ಅವಳು ಅಷ್ಟು ಗಟ್ಟಿಯಾಗಿ ಒಂದು ಮಾತಾಡಿ ಎಷ್ಟು ದಿನವಾಗಿತ್ತೆಂದು ನಿನಗೇನು ಗೊತ್ತು?

ಇಬ್ಬರದೂ ಒಂದೇ ದನಿ. ಫೋನಿನಲ್ಲಿ ಹೆತ್ತ ತಾಯಿಯೇ ಮೋಸಹೋಗುತ್ತಿದ್ದಳು, ನಾನಂತೂ ದಿನಾ. ಅವರು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮಾತಾಡಿ ನಮ್ಮನ್ನೆಲ್ಲ ಆಟ ಆಡಿಸಿದ್ದು ಒಂದೆರಡು ಸಲವೇ? ನೀನೊಬ್ಬ ಮಾತ್ರ ಮೋಸಹೋಗುತ್ತಿರಲಿಲ್ಲ. ಗುಟ್ಟೇನೆಂದು ನಾನು ಕೇಳಿದಾಗ ನೀನೇ ಹೇಳಿದ್ದೆ. ದೊಡ್ಡವಳು ಮಾತಿನಮಲ್ಲಿ, ಅಪ್ಪಾ ಎಂದವಳೇ ಉಸಿರು ಬಿಡದೆ ಊರ ಸುದ್ದಿಯೆಲ್ಲ ಸುರಿಯುತ್ತಾಳೆ. ಚಿಕ್ಕವಳು ಅಪ್ಪಾ ಎಂದು ನಿಲ್ಲುತ್ತಾಳೆ. ನೀನು "ಹೇಳಮ್ಮಾ" ಎನ್ನುವವರೆಗೂ ಕಾಯುತ್ತಾಳೆ, ಆಮೇಲೇ ಅವಳು ಬಾಯಿ ಬಿಡುವುದು. ಇಷ್ಟೆಲ್ಲ ಗೊತ್ತಿದ್ದವನು ನೀನು. ಅದೇ ನೀನು, ಈಗ ಆ ದನಿ ಕೇಳಿದ ಕೂಡಲೇ ಫೋನ್ ಇಟ್ಟುಬಿಡುತ್ತೀಯ. ನಿನ್ನ ಎದೆ ಒಡೆದಿದೆ, ಒಪ್ಪಿದೆ. ನನ್ನದೇನು ಕಲ್ಲೇ? ಆದರೆ ನೀನು ಫೋನ್ ಇಟ್ಟದ್ದು ಯಾವ ಹೊತ್ತಿನಲ್ಲಿ, ಯೋಚನೆ ಮಾಡು. ಅವಳು ಅಪ್ಪಾ ಎಂದು ನಿಂತು, ಹೇಳಮ್ಮಾ ಎನ್ನುತ್ತೀಯೆಂದು ಕಾಯುತ್ತಿದ್ದ ಹೊತ್ತಿನಲ್ಲಿ. ಆಮೇಲೆ ಅವಳು ಫೋನನ್ನೇ ಮುಟ್ಟಲಿಲ್ಲ. ಮನೆಯಲ್ಲೂ ತಲೆಯಾಡಿಸಿ, ಕೈಸನ್ನೆ ಮಾಡಿ ದಿನ ಕಳೆಯತೊಡಗಿದಳು.

ಡಬ್ಬಿಂಗಿಗೆ ಅಭ್ಯಾಸ ಮಾಡಲು ಅವಳು ಬಟ್ಟೆಯ ಬೀರುವಿನೊಳಗೆ ಕೂರುತ್ತಿದ್ದಳು. ಸೀರೆಗಳ ನಡುವೆ ದನಿ ಗುಂಯ್‌ಗುಡುವುದಿಲ್ಲವಂತೆ, ಅಕ್ಕ ಕಲಿಸಿದ ಉಪಾಯ. ನನಗೆ ಅದು ಗೊತ್ತಿರಲಿಲ್ಲ. ಒಂದು ಸಂಜೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. "ಅಪ್ಪಾ, ಬಾಗಿಲು ತೆಗಿ, ನಾನು ಬಂದಿದೀನಿ" ಎಂದು ಕೇಳಿಸಿತು. ಬಂದೆ ಕಣೇ ಮಾತಿನಮಲ್ಲಿ, ಎಂದು ಎದ್ದೇಬಿಟ್ಟೆ. ಮಂಡಿನೋವು ಆಗ ಎಲ್ಲಿ ಹೋಗಿತ್ತೋ. ಬೀದಿ ಬಾಗಿಲಿನ ಚಿಲಕಕ್ಕೆ ಕೈಹಾಕುವಾಗ, ಅಡುಗೆಮನೆಯಿಂದ ಓಡಿಬಂದ ನಿನ್ನ ಹೆಂಡತಿಯ ಒದ್ದೆ ಕೈ ನನ್ನ ಕೈಮೇಲೆ ಬಿತ್ತು. ಇಬ್ಬರೂ ಸೇರಿ ಬಾಗಿಲು ತೆಗೆದೆವು. ಹೊರಗೆ ಯಾರೂ ಇರಲಿಲ್ಲ ಕಣೋ. ಎದುರು ಮನೆಯ ಗೇಟು, ಒಂದು ಸೈಕಲ್ಲು, ಅಷ್ಟೇ. ಅತ್ತೆ ಸೊಸೆ ಹಾಗೇ ನಿಂತೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಿಂದಿನಿಂದ ಚಿಕ್ಕವಳು ಬಂದಳು. ಭುಜದ ಮೇಲೆ ಅವಳಮ್ಮನ ಸೀರೆಯೊಂದು ಜಾರಿಕೊಂಡಿತ್ತು. ಅವಳು ಅಳಲಿಲ್ಲ. "ನಾನು ಬಾಯಿ ಬಿಟ್ರೆ ಎಲ್ಲರೂ ಅಕ್ಕನ್ನೇ ಹುಡುಕ್ತೀರಲ್ಲ ಅಜ್ಜಿ. ನಾನು ಎಲ್ಲಿಗೆ ಹೋಗ್ಲಿ?" ಎಂದಳು. ನಿನ್ನ ಹೆಂಡತಿ ಅವಳನ್ನು ತಬ್ಬಿಕೊಂಡು ಬಾಗಿಲಲ್ಲೇ ಕುಸಿದಳು. ಕಾಣೆಯಾದವಳನ್ನು ಹುಡುಕುತ್ತಾ ಮನೆಯಲ್ಲಿರುವವಳನ್ನೂ ಕಳೆಯುತ್ತಿದ್ದೇವೆ ಎಂದು ಆವತ್ತು ನನಗೆ ಅರ್ಥವಾಯಿತು.

ಸ್ಟುಡಿಯೋಗೆ ಅವಳ ಜೊತೆ ನಾನೇ ಹೋಗಿದ್ದೆ. ಗಾಜಿನಾಚೆ ಅವಳು, ಈಚೆ ನಾನು, ಕಿವಿಗೆ ದಪ್ಪ ಡಬ್ಬಿಯಂಥದ್ದು ಹಾಕಿ ಕೂರಿಸಿದರು. ಪರದೆಯ ಮೇಲೆ ದೊಡ್ಡವಳ ಮುಖ. ತುಟಿ ಅವಳದು, ದನಿ ಇವಳದು. ನಾನು ಕಣ್ಣು ಕೀಳಲಿಲ್ಲ. ಎಲ್ಲ ಸರಿಯಾಗಿ ಆಯಿತು, ಕೊನೆಯ ಒಂದು ಮಾತು ಬಿಟ್ಟು. ಹುಡುಗಿ ಮನೆಗೆ ಬಂದು ಬಾಗಿಲು ತಟ್ಟುವ ಜಾಗ ಅದು. ದೊಡ್ಡವಳು ತನ್ನ ಸ್ವಭಾವಕ್ಕೆ ತಕ್ಕಂತೆ ಒಂದೇ ಉಸಿರಿನಲ್ಲಿ ಹೇಳಿದ್ದಾಳೆ. ಚಿಕ್ಕವಳು ಅಪ್ಪಾ ಎನ್ನುತ್ತಾಳೆ, ನಿಲ್ಲುತ್ತಾಳೆ. ಅಷ್ಟರಲ್ಲಿ ಪರದೆಯ ಮೇಲಿನ ತುಟಿ ಮುಂದೆ ಹೋಗಿರುತ್ತದೆ. ಎಷ್ಟು ಸಲ ಮಾಡಿಸಿದರೂ ಅದೇ. ಯಂತ್ರದ ಮುಂದೆ ಕೂತವನು, ನಡುವೆ ನಿಲ್ಲಿಸಬೇಡಮ್ಮಾ ಎಂದು ಬೇಡಿಕೊಂಡ. ಮನೆಯ ಬೀರುವಿನೊಳಗೆ ಅವಳು ಅಕ್ಕನ ಹಾಗೇ ಒಂದೇ ಉಸಿರಿನಲ್ಲಿ ಹೇಳಿದ್ದಳು, ನಾನೇ ಕೇಳಿದ್ದೇನೆ. ಇಲ್ಲಿ ಆಗಲಿಲ್ಲ. ನಿರ್ದೇಶಕಿ ಒಳಗೆ ಹೋಗಿ ಮೆಲ್ಲಗೆ ಕೇಳಿದಾಗ ಅವಳು ಹೇಳಿದ್ದು ನನ್ನ ಕಿವಿಯ ಡಬ್ಬಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. "ಹೇಳಮ್ಮಾ ಅನ್ನೋಕೆ ಅಪ್ಪನಿಗೆ ಜಾಗ ಬೇಡ್ವಾ?"

ಆ ಹುಡುಗಿ, ನಿರ್ದೇಶಕಿ, ಈಚೆ ಬಂದು ಯಂತ್ರದವನ ಪಕ್ಕ ಕೂತಳು. ಆಮೇಲೆ ದೊಡ್ಡವಳ ಮುಖ ಇದ್ದ ಆ ತುಣುಕನ್ನು ತೆಗೆದು, ಆ ಪರೀಕ್ಷೆಯ ದಿನ ಬೆನ್ನ ಹಿಂದಿನಿಂದ ತೆಗೆದಿದ್ದನ್ನು ಹಾಕಿಸಿದಳು. ಬಾಗಿಲ ಮುಂದೆ ಯೂನಿಫಾರ್ಮಿನ ಹುಡುಗಿ, ಒಂದು ಜಡೆ, ಮುಖ ಕಾಣುವುದಿಲ್ಲ. ಅಪ್ಪಾ ಎನ್ನುತ್ತಾಳೆ. ಕಾಯುತ್ತಾಳೆ. ಆಮೇಲೆ, ಬಾಗಿಲು ತೆಗಿ, ನಾನು ಬಂದಿದೀನಿ ಎನ್ನುತ್ತಾಳೆ. ಅದು ನಾನು ಹೊಲಿದ ಎರಡನೆಯ ಯೂನಿಫಾರ್ಮು. ದೊಡ್ಡವಳು ಅದರ ಹಿಂದಿನ ಕಂತಿಗೇ ಮುಗಿದಳು ಮಗನೇ. ಕೊನೆಯಲ್ಲಿ ಮನೆಗೆ ಬರುವವಳು ಚಿಕ್ಕವಳು, ಬೆನ್ನೂ ಅವಳದೇ, ದನಿಯೂ ಅವಳದೇ. ಬೀದಿಯವರಿಗೆ ಇದು ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ಗೊತ್ತಾಗುತ್ತದೆ, ನೀನು ಯಾವತ್ತೂ ಮೋಸಹೋದವನಲ್ಲ.

ಬೈಯುತ್ತೇನೆ ಎಂದಿದ್ದೆ, ಬೈಗುಳ ಒಂದೂ ನೆನಪಾಗುತ್ತಿಲ್ಲ. ಕೈಗೆ ಎಣ್ಣೆ ಹಚ್ಚಿಕೋ. ಅಳು ಬಂದರೆ ಇಂಜಿನ್ನಿನ ಸದ್ದಿನಲ್ಲಿ ಗಟ್ಟಿಯಾಗಿ ಅತ್ತುಬಿಡು, ಅಲ್ಲಿ ಯಾರಿಗೂ ಕೇಳಿಸುವುದಿಲ್ಲ. ನಿನ್ನ ಹೆಂಡತಿ ಏನೂ ಹೇಳಿಕಳಿಸಲಿಲ್ಲ, ಆದರೆ ನಾನು ಬರೆಯುವುದು ಕಂಡು ಕಿಟಕಿಯ ಪರದೆ ಸರಿಸಿ ಬೆಳಕು ಮಾಡಿಕೊಟ್ಟು ಹೋದಳು. ನನ್ನ ತಲೆಯ ಮೇಲಿನ ಬಿಳಿಕೂದಲಷ್ಟು ವರ್ಷ ನಿನಗೂ ಇರಲಿ.

ನಿನ್ನನ್ನು ಹೆತ್ತ,
ಅಮ್ಮ

ತಾ.ಕ.: ಸೋಮವಾರವಾಯಿತು, ಆಫೀಸು ಮುಚ್ಚುವುದರೊಳಗೆ ಇದನ್ನು ಕೊಡಬೇಕು, ಬೇಗ ಬರೆಯುತ್ತೇನೆ. ನಿನ್ನ ಹಡಗು ಹದಿನೆಂಟಕ್ಕೆ ಬಂದರು ಸೇರುತ್ತದಂತೆ. ಅವತ್ತು ಸಂಜೆ ನನ್ನ ನಂಬರಿನಿಂದ ಫೋನ್ ಬರುತ್ತದೆ, ಅಮ್ಮ ಎಂದುಕೊಂಡು ಎತ್ತಬೇಡ. ಮಾಡುವವಳು ಚಿಕ್ಕವಳು. ಈ ಸಲವೂ ಇಟ್ಟುಬಿಟ್ಟರೆ ಇನ್ನು ಯಾವತ್ತೂ ಕರೆಯಲ್ಲ ಅಜ್ಜಿ ಎಂದು ಹೇಳಿದ್ದಾಳೆ, ಅವಳು ಹೇಳಿದಂತೆ ಮಾಡುವವಳು. ಅಪ್ಪಾ ಎಂದು ಅವಳು ನಿಲ್ಲುತ್ತಾಳೆ. ನಿನ್ನ ಕೈ ಫೋನ್ ಇಡಲು ಹೋಗುತ್ತದೆ. ಇಡಬೇಡ. ಎದೆ ಒಡೆದರೂ ಸರಿ, ಹೇಳಮ್ಮಾ ಅನ್ನು.