ಕುಂಕುಮ ಇಟ್ಟಿದ್ದ ಹಲ್ಲು

ಬಣಕಲ್, ನವೆಂಬರ್ 2008

ನಿರಂಜನ,

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ನಮ್ಮ ಮೆಷಿನ್ನಿನ ನಾಲ್ಕನೇ ಆಕ್ಸಿಸ್ ಇವತ್ತು ಸರಿಯಾಗಿ ತಿರುಗಿತು. ಕೋಲನ್ನು ಹಿಡಿದು ತಿರುಗಿಸೋ ಆ ಭಾಗವನ್ನು ಜೋಡಿಸಿದ ದಿನ, ಕಾಫಿ ಮರದ ಕೋಲಿನ ಮೇಲೆ ಕೆತ್ತಿದ ಬಳ್ಳಿ ಒಂದು ಸುತ್ತು ಬಂದು, ಶುರುವಾದ ಜಾಗಕ್ಕೆ ಸೇರದೆ ಅಕ್ಕಿಕಾಳಿನಷ್ಟು ಸಂದು ಉಳಿದಿತ್ತಲ್ಲ?

"ಗೇರಿನ ಹಲ್ಲು ಇನ್ನೊಂದ್ಸಲ ಎಣಿಸು ಮಾರಾಯ" ಅಂದೆ ನೀನು.

"ಅರವತ್ತೇ. ನಂಗೆ ಎಣಿಸೋಕೆ ಬರಲ್ವಾ? ನಿನ್ನ ಪ್ರೋಗ್ರಾಮೇ ತಪ್ಪು" ಅಂದೆ ನಾನು.

ನೀನು ಚಪ್ಪಲಿ ಮೆಟ್ಟಿಕೊಂಡು ಹೋದೆ. ಮತ್ತೆ ಶೆಡ್ಡಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಶ್ರಾವಣದಲ್ಲಿ ನೀನು ತೀರಿಕೊಂಡ ಸುದ್ದಿ ಬಂತು.

ಇವತ್ತು ಗ್ರೀಸ್ ಒರೆಸಿ ಎಣಿಸಿದೆ. ಅರವತ್ತೊಂದು. ಹೋದ ವರ್ಷದ ಆಯುಧಪೂಜೆಯಲ್ಲಿ, ಗೇರು ಇನ್ನೂ ಬಿಡಿಯಾಗಿದ್ದಾಗ, ಕುಂಕುಮ ಇಟ್ಟಿದ್ದ ಹಲ್ಲನ್ನು ಅವತ್ತು ಗುರುತು ಮಾಡಿಕೊಂಡು, ಅದರ ಪಕ್ಕದ್ದರಿಂದ ಎಣಿಸಲು ಶುರು ಮಾಡಿದ್ದೆ. ಕುಂಕುಮದ ಹಲ್ಲನ್ನೇ ಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಆ ಒಂದು ಅಂಕಿ ಬದಲಾಯಿಸಿದೆ, ಅಷ್ಟೆ. ಹೊಸ ಕೋಲಿನಲ್ಲಿ ಬಳ್ಳಿ ಕೂಡಿಕೊಂಡಿತು. ಉಗುರು ಆಡಿಸಿ ನೋಡಿದೆ, ಎಲ್ಲಿ ಸೇರಿದೆ ಅಂತ ಗೊತ್ತಾಗಲಿಲ್ಲ.

ನಿನ್ನ ಮಂಡಿನೋವಿಗೆ ಊರುಗೋಲು ಮಾಡೋಣ ಅಂತ ನಿನ್ನನ್ನು ಶೆಡ್ಡಿನ ಗೋಡೆ ಪಕ್ಕ ನಿಲ್ಲಿಸಿ ಪೆನ್ಸಿಲಿನಲ್ಲಿ ಗೀಟು ಹಾಕಿದ್ದೆನಲ್ಲ, ಈ ಹೊಸ ಕೋಲನ್ನೂ ಆ ಅಳತೆಗೇ ಕೊಯ್ದಿದ್ದೆ.

ಅಮ್ಮ ಕಾಫಿ ತಂದವಳು ಆ ಕೋಲನ್ನೇ ಊರಿ ನಿಂತು ನೋಡಿದಳು. "ಚಂದ ಬಂದಿದೆ. ನಂಗೆ ಉದ್ದ ಆಯ್ತು, ಒಂದು ನಾಲ್ಕು ಬೆರಳು ಕೊಯ್ದು ಕೊಡು" ಅಂದಳು.

ಗರಗಸ ಎದುರಿಗೇ ಇತ್ತು. ನಾಳೆ ನೋಡೋಣ ಅಂದೆ.