ಕೊನೆ ಬದಲಾದ ಕಥೆ

೧೨ ಆಗಸ್ಟ್ ೧೯೭೧, ಗುರುವಾರ. ಕಲ್ಯ.

ಮೊನ್ನೆ ರಷ್ಯಾ ನಮ್ಮೊಡನೆ ಸ್ನೇಹದ ಒಪ್ಪಂದ ಮಾಡಿಕೊಂಡಿತಲ್ಲ, ಅಂದಿನಿಂದ ಮಾಯಮ್ಮನದು ಒಂದೇ ಪ್ರಶ್ನೆ: “ಇನ್ನು ಯುದ್ಧ ಆಗಾಕಿಲ್ಲ ಅಲ್ವೇನಣ್ಣ?” ಅವಳ ಮಗ ಚೆಲುವಯ್ಯ ಸಿಪಾಯಿ, ಗಡಿಯಲ್ಲಿದ್ದಾನೆ.

ನನ್ನ ಓರಗೆಯ ಮುನಿಯಪ್ಪ ಸುಮ್ಮನಿರಬೇಕಲ್ಲ! “ಹಿಂದೆ ಪೈಲ್ವಾನ್ ನಿಂತ್ರೆ ಪುಕ್ಕಲನೂ ತೊಡೆ ತಟ್ತಾನೆ ಕಣಕ್ಕ.”

ಸಂಜೆ ಎಂದಿನಂತೆ ಕಟ್ಟೆಯ ಮೇಲೆ ಕೂತವರಿಗೆ ಗೆಳೆಯ ರಾಜರಿಬ್ಬರ ಕಥೆ ಹೇಳಿದೆ. ನನ್ನ ಬಾಯಲ್ಲಿ ಅದು ಯಾವತ್ತೂ ಯುದ್ಧದಲ್ಲೇ ಮುಗಿಯುವುದು. ಇವತ್ತು ಮಾಯಮ್ಮನ ಮುಖ ನೋಡಿ, ಇಬ್ಬರೂ ಒಟ್ಟಾದದ್ದು ಕಂಡು ಶತ್ರು ಹೆದರಿ ವಾಪಸು ಹೋದ ಎಂದುಬಿಟ್ಟೆ.

“ಕೊನೆ ಮರ್ತ್ಬುಟ್ಯೇನ್ಲಾ?” ಎಂದು ಮುನಿಯಪ್ಪ ನಕ್ಕ. ಮಾಯಮ್ಮ ನಗಲಿಲ್ಲ. “ಹಂಗೇ ನನ್ ಮಗೀಗೂ ಕಾಗ್ದ ಬರ್ದಾಕಣ್ಣ, ಯುದ್ಧ ಇಲ್ಲ, ಹಬ್ಬಕ್ಕೆ ಬಾ ಅಂತ” ಎಂದಳು.

ಜೊತೆಗಾರ ಸಿಕ್ಕರೆ ಜಗಳ ನಿಲ್ಲುತ್ತದೋ, ಹೆಚ್ಚುತ್ತದೋ? ನನಗೆ ಎರಡೂ ಸರಿಯೆನಿಸುತ್ತದೆ. ‘ಚಿರಂಜೀವಿ ಚೆಲುವಯ್ಯನಿಗೆ ಆಶೀರ್ವಾದಗಳು’ ಎಂದು ಬರೆದು ಅರ್ಧ ಗಂಟೆಯಾಯಿತು. ಮುಂದಿನ ಸಾಲು ಇನ್ನೂ ಹೊಳೆದಿಲ್ಲ.