ಪಾರಿವಾಳದ ಗೂಡಿನಡಿಯ ಗಂಟು

ಅದನ್ನೇ ನಿನ್ನೆಯೂ ಹೇಳುತ್ತಿದ್ದೆ ಹೇಜೆಲ್, ಗುಪ್ತ ಪಡೆಗಳು ಬಂದೂಕು ಒಪ್ಪಿಸಲು ಸರ್ಕಾರ ಕೊಟ್ಟ ಗಡುವು ನಾಳೆಗೆ ಮುಗಿಯುತ್ತದೆ. ಆಮೇಲೆ ಸಿಕ್ಕರೆ ಜೈಲು. ಇವತ್ತು ನಮ್ಮ ಪಡೆಯ ಡೆರೆಕ್ ಹಿತ್ತಲಿಗೇ ಬಂದ.

"ಏನ್ ಮುದುಕಪ್ಪ, ಮೊಟ್ಟೆಗೆ ಕಾವು ಕೊಡ್ತಿದೀಯಾ? ಬೇಗ ತೆಗಿ, ಒಪ್ಪಿಸೋದಕ್ಕೆ ಸಾಕ್ಷಿಯಾಗೋ ಪಾದ್ರಿ ಕಾರಲ್ಲಿ ಕಾಯ್ತಿದಾರೆ."

ಪಾರಿವಾಳದ ಗೂಡಿನೊಳಗೆ ಹೋಗಿ ನೆಲದ ಹಲಗೆ ಕಿತ್ತೆ. ಲಗಾನ್ ನದಿಗೆ ಎಸೆದೆ ಎಂದು ನಿನಗೆ ಹೇಳಿದ್ದೆನಲ್ಲ, ಆ ಪಿಸ್ತೂಲು. ನೀನು ಸಾಯುವವರೆಗೂ ಅದನ್ನು ನಂಬಿದ್ದೆ ಎಂದುಕೊಂಡಿದ್ದೆ. ನಾನು ಸುತ್ತಿಟ್ಟದ್ದು ಗೋಣಿಯಲ್ಲಿ. ಈಗ ಅದು ನಿನ್ನ ನೀಲಿ ಹೂವಿನ ಏಪ್ರನ್ನಿನಲ್ಲಿತ್ತು. ಪುಕ್ಕದಿಂದ ಕೆಮ್ಮು ಬರುತ್ತದೆಂದು ನೀನು ಆ ಗೂಡಿನೊಳಗೆ ಕಾಲಿಟ್ಟದ್ದನ್ನು ನಾನು ಕಂಡೇ ಇಲ್ಲ.

"ಬಟ್ಟೆ ಸಮೇತ ಕೊಡೋ ಮಾರಾಯ!"

ನಿನ್ನ ಗಂಟು ಬಿಚ್ಚಿ ಪಿಸ್ತೂಲು ಮಾತ್ರ ಕೊಟ್ಟೆ. ಏಪ್ರನ್ ಮಡಿಲಲ್ಲಿದೆ. ಬೆಳಕು ಇಳಿಯುತ್ತಿದೆ, ಹೂವುಗಳ ನೀಲಿ ಕಾಣುತ್ತಿಲ್ಲ.